ಹನ್ನೊಂದನೆಯ ಹೆಸರು ಯಾರದು?

1971ರ ಬೇಸಿಗೆಯಲ್ಲಿ ಅಜಿತ್ ವಾಡೇಕರ್ ಮುಂದಾಳತ್ವದ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಅದರಲ್ಲಿ ಬೆಂಗಳೂರಿನ ಇಪ್ಪತ್ತೊಂದರ ಹರೆಯದ ವಿಕೆಟ್ ಕೀಪರ್ ಒಬ್ಬರಿದ್ದರು. ಓವಲ್ ಟೆಸ್ಟ್ ಗೆದ್ದ ಭಾರತ ಆ ನೆಲದಲ್ಲಿ ಮೊದಲ ಬಾರಿಗೆ ಸರಣಿಯನ್ನೇ ಗೆದ್ದುಕೊಂಡಿತು. ಮೂರೂ ಟೆಸ್ಟ್‌ಗಳಲ್ಲಿ ವಿಕೆಟ್ ಹಿಂದೆ ನಿಂತವರು ಫರೂಕ್ ಇಂಜಿನಿಯರ್. 1974ರಲ್ಲಿ ಮತ್ತೊಂದು ಇಂಗ್ಲೆಂಡ್ ಪ್ರವಾಸ, 1975ರಲ್ಲಿ ಮೊದಲ ವಿಶ್ವಕಪ್. ಎರಡಕ್ಕೂ ಬೆಂಗಳೂರಿನ ಹುಡುಗ ಹೋದರು. ಎರಡರಲ್ಲೂ ಗ್ಲೌಸ್ ತೊಟ್ಟವರು ಇಂಜಿನಿಯರೇ. ಸೈಯದ್ ಕಿರ್ಮಾನಿಯವರಿಗೆ ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ಅದರ ಮುಂದಿನ ಕ್ರೈಸ್ಟ್‌ಚರ್ಚ್ ಟೆಸ್ಟ್‌ನಲ್ಲೇ ಒಂದು ಇನಿಂಗ್ಸ್‌ನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು.

ಐದು ವರ್ಷ ಬೇರೊಬ್ಬರ ಬೆನ್ನು ನೋಡುತ್ತ ಕೂತವರ ಕೈ ಸಾಮಾನ್ಯವಾಗಿ ಜಡ್ಡುಗಟ್ಟುತ್ತದೆ. ಕಿರ್ಮಾನಿಯವರ ಕೈ ಜಡ್ಡುಗಟ್ಟಲಿಲ್ಲ. ಆ ವರ್ಷಗಳಲ್ಲಿ ಅವರು ರಣಜಿಯಲ್ಲಿ ಪ್ರಸನ್ನ, ಚಂದ್ರಶೇಖರ್‌ರ ಚೆಂಡಿಗೆ ಕೀಪಿಂಗ್ ಮಾಡುತ್ತಿದ್ದರು. ಚಂದ್ರ ಅವರ ಎಸೆತ ಯಾವ ಕಡೆ ಹೋಗುತ್ತದೆಂದು ಬ್ಯಾಟ್ಸ್‌ಮನ್‌ಗೆ ತಿಳಿಯದಿದ್ದರೆ ನಡೆದೀತು, ಕೀಪರ್‌ಗೆ ತಿಳಿಯದಿದ್ದರೆ ಬೈ ರನ್ನುಗಳ ಸುರಿಮಳೆ. ಮುಂದೆ ಅವರು 88 ಟೆಸ್ಟ್ ಆಡಿದರು, 198 ಬಲಿ ಪಡೆದರು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ 8 ವಿಕೆಟ್‌ಗೆ 140 ಆಗಿದ್ದಾಗ ಕಪಿಲ್ ದೇವ್ ಜೊತೆ ನಿಂತು ಮುರಿಯದ 126 ರನ್ ಜೊತೆಯಾಟ ಕಟ್ಟಿದ್ದೂ ಇವರೇ. ಅದರಲ್ಲಿ ಇವರ ಪಾಲು 24. ಕಪಿಲ್ ಅವರ 175 ಎಲ್ಲರಿಗೂ ಗೊತ್ತು. ಆ 24 ಇಲ್ಲದಿದ್ದರೆ 175 ಇರುತ್ತಿರಲಿಲ್ಲ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ಇದು ದೊಡ್ಡವರ ಮಟ್ಟದ ಮಾತಾಯಿತು. ನಾನು ಬರೆಯಹೊರಟಿರುವುದು ಅದಕ್ಕಿಂತ ಚಿಕ್ಕದರ ಬಗ್ಗೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಯಾವುದೋ ಶಾಲೆಯ ಮೈದಾನದಲ್ಲಿ ಕೋಚ್ ಹನ್ನೊಂದು ಹೆಸರು ಓದುತ್ತಾರೆ. ಹದಿನೈದು ಹುಡುಗರು ಬಿಳಿ ಬಟ್ಟೆಯಲ್ಲಿ ನಿಂತಿರುತ್ತಾರೆ. ಬೇಲಿಯ ಆಚೆ ಅಪ್ಪ ಅಮ್ಮಂದಿರು. ಪಟ್ಟಿ ಮುಗಿದ ಮೇಲೆ ನಾಲ್ಕು ಮುಖ ಬಾಡುತ್ತದೆ, ಸ್ವಲ್ಪ ಹೊತ್ತಿಗೆ ಒಬ್ಬ ತಂದೆ ಕೋಚ್ ಹತ್ತಿರ ಬರುತ್ತಾರೆ. "ಸಾರ್, ಆ ಹುಡುಗನಿಗಿಂತ ನಮ್ಮವನು ಚೆನ್ನಾಗಿ ಆಡ್ತಾನಲ್ಲ, ಯಾಕೆ ಹಾಕಿಲ್ಲ?" ಕೋಚ್ ಹೇಳುತ್ತಾರೆ: "ಆಟಕ್ಕೇನೂ ತೊಂದರೆ ಇಲ್ಲ ಸಾರ್. ಆಟಿಟ್ಯೂಡ್ ಸ್ವಲ್ಪ ಸರಿಹೋಗಬೇಕು."

ಈ ಉತ್ತರ ನಿಜವಿರಬಹುದು. ನೆಪವೂ ಇರಬಹುದು. ತಂದೆಗೆ ಯಾವುದೆಂದು ತಿಳಿಯುವುದಿಲ್ಲ; ಎಷ್ಟೋ ಸಲ ಕೋಚ್‌ಗೂ ತಿಳಿದಿರುವುದಿಲ್ಲ.

ಮೊದಲು ಆಯ್ಕೆ ನಡೆಯುವ ರೀತಿಯನ್ನು ನೋಡೋಣ. ಹದಿನೈದು ಹುಡುಗರ ಗುಂಪಿನಲ್ಲಿ ಆರೇಳು ಹೆಸರುಗಳಿಗೆ ಯೋಚನೆಯೇ ಬೇಕಿಲ್ಲ. ಇಬ್ಬರು ಆರಂಭಿಕರು, ಒಬ್ಬ ಕೀಪರ್, ಎರಡು ಮೂರು ಬೌಲರ್‌ಗಳು, ಎರಡೂ ಬಲ್ಲ ಒಬ್ಬ. ಇವರಲ್ಲಿ ಒಬ್ಬನಿಗೆ ಎಂಥ ಸಿಡುಕಿದ್ದರೂ ಅವನು ಆಡುತ್ತಾನೆ. ನಡವಳಿಕೆಯೇ ಎಲ್ಲ ಎಂದು ಮಕ್ಕಳಿಗೆ ಹೇಳುವ ದೊಡ್ಡವರು ಈ ಸತ್ಯವನ್ನು ಮುಚ್ಚಿಡಬಾರದು, ಮಕ್ಕಳಿಗೆ ಅದು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಪ್ರಶ್ನೆ ಬರುವುದು ಉಳಿದ ನಾಲ್ಕು ಜಾಗಗಳಿಗೆ. ಅವಕ್ಕೆ ಎಂಟು ಮಂದಿ. ಆ ಎಂಟರ ನಡುವೆ ಆಟದ ವ್ಯತ್ಯಾಸ ತೀರ ಕಡಿಮೆ. ಒಬ್ಬನ ಸರಾಸರಿ 24, ಇನ್ನೊಬ್ಬನದು 21 ಎಂದರೆ ಆ ಮೂರು ರನ್ನಿನ ಅಂತರ ಎದುರಾಳಿ ಕೈಬಿಟ್ಟ ಒಂದು ಕ್ಯಾಚಿನಿಂದ ಬಂದಿರಬಹುದು. ಅಂಕಿಗಳು ತೀರ್ಪು ಕೊಡದ ಈ ಜಾಗದಲ್ಲಿ ಕೋಚ್ ಬೇರೆ ಏನನ್ನೋ ನೋಡುತ್ತಾರೆ.

ನೋಡುವುದು ಏನನ್ನು? ಹೆಚ್ಚಿನವರು ಅಂದುಕೊಂಡಂತೆ ಶಿಸ್ತಿನ ದೊಡ್ಡ ದೊಡ್ಡ ವಿಷಯಗಳನ್ನಲ್ಲ. ನೆಟ್ಸ್‌ನಲ್ಲಿ ತನ್ನ ಬ್ಯಾಟಿಂಗ್ ಸರದಿ ಮುಗಿದೊಡನೆ ಪ್ಯಾಡ್ ಬಿಚ್ಚಿ ಮರದ ನೆರಳಿಗೆ ಹೋಗುವವನು ಯಾರು, ಉಳಿದವರಿಗೆ ಬೌಲಿಂಗ್ ಹಾಕಲು ಮರಳುವವನು ಯಾರು. ಮ್ಯಾಟ್ ಹಾಸಿ ಮೊಳೆ ಹೊಡೆಯುವಾಗ ಸುತ್ತಿಗೆ ಯಾರ ಕೈಯಲ್ಲಿರುತ್ತದೆ. ಎಲ್‌ಬಿಡಬ್ಲ್ಯು ಕೊಟ್ಟ ಅಂಪೈರ್‌ನನ್ನು ದುರುಗುಟ್ಟಿ ನೋಡುತ್ತ ಬಂದವನು ಹತ್ತು ನಿಮಿಷದ ಮೇಲೆ ಹೇಗಿದ್ದಾನೆ. ಇನ್ನೂ ಮುಖ ಊದಿಸಿಕೊಂಡಿದ್ದಾನೋ, ಮುಂದಿನ ಬ್ಯಾಟ್ಸ್‌ಮನ್‌ಗೆ "ಚೆಂಡು ಕೆಳಗೆ ಕೂರ್ತಿದೆ, ಹುಷಾರು" ಅಂತ ಹೇಳಿದನೋ. ಎಸೆದ ಚೆಂಡು ಕೀಪರ್‌ನನ್ನು ದಾಟಿ ಹೋದರೆ ಹಿಂದೆ ನಿಲ್ಲಲು ಓಡುವವನು ಯಾರು. ಈ ಕೊನೆಯದಕ್ಕೆ ಸ್ಕೋರ್ ಪುಸ್ತಕದಲ್ಲಿ ಕಾಲಮ್ಮಿಲ್ಲ. ಓವರ್‌ಥ್ರೋ ಆಗದೆ ಉಳಿದ ರನ್ನನ್ನು ಯಾರೂ ಬರೆದುಕೊಳ್ಳುವುದಿಲ್ಲ. ಆದರೆ ಕೋಚ್ ನೋಡಿರುತ್ತಾರೆ.

ಇವೆಲ್ಲದರ ಅರ್ಥ ಒಳ್ಳೆಯ ಹುಡುಗ, ಕೆಟ್ಟ ಹುಡುಗ ಎಂದಲ್ಲ. ಕೋಚ್‌ಗೆ ಬೇಕಾಗಿರುವುದು ಭರವಸೆ. ಈ ಹುಡುಗನನ್ನು ಒಳಗೆ ಕಳಿಸಿದರೆ ಏನಾಗುತ್ತದೆಂದು ಮೊದಲೇ ಹೇಳಲು ಸಾಧ್ಯವೇ? ಏಳನೇ ಕ್ರಮಾಂಕಕ್ಕೆ ಹಾಕಿದರೆ ಮುನಿಸಿಕೊಳ್ಳುತ್ತಾನೆಯೇ? ಎರಡು ಓವರ್‌ನಲ್ಲಿ 20 ರನ್ ಹೋದ ಮೇಲೆ ಮೂರನೇ ಓವರ್ ಕೊಟ್ಟರೆ ಕೈ ನಡುಗುತ್ತದೆಯೇ? ಆಟ ಒಂದೇ ಮಟ್ಟದ ಇಬ್ಬರಲ್ಲಿ ಕೋಚ್ ಯಾವಾಗಲೂ ತನಗೆ ಗೊತ್ತಿರುವವನನ್ನೇ ಆರಿಸುತ್ತಾರೆ. ನಾನಾದರೂ ಹಾಗೆಯೇ ಮಾಡುತ್ತೇನೆ, ನೀವೂ ಮಾಡುತ್ತೀರಿ.

ಕ್ರಿಕೆಟ್‌ನಲ್ಲಿ ಈ ಆಯ್ಕೆ ಬೇರೆ ಆಟಗಳಿಗಿಂತ ಹೆಚ್ಚು ಕಠೋರ. ಕಬಡ್ಡಿಯಲ್ಲಿ ಏಳು ಮಂದಿ ಅಂಕಣದಲ್ಲಿ, ಐವರು ಹೊರಗೆ. ಹೊರಗಿದ್ದವನು ಅದೇ ಪಂದ್ಯದಲ್ಲಿ ಒಳಗೆ ಬರಬಹುದು. ಹಾಕಿಯಲ್ಲಂತೂ ಬದಲಾವಣೆ ನಡೆಯುತ್ತಲೇ ಇರುತ್ತದೆ. ಕ್ರಿಕೆಟ್‌ನಲ್ಲಿ ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದು ಅಷ್ಟೆ. ಅವನಿಗೆ ಬ್ಯಾಟೂ ಇಲ್ಲ, ಚೆಂಡೂ ಇಲ್ಲ. ಬೆಳಿಗ್ಗೆ ಏಳಕ್ಕೆ ಹೆಸರು ಓದದಿದ್ದರೆ ಭಾನುವಾರ ಅಲ್ಲಿಗೇ ಮುಗಿಯಿತು. ಹನ್ನೊಂದರೊಳಗೆ ಬಂದವನಿಗೂ ಆಟ ಸಿಕ್ಕೇ ಸಿಗುತ್ತದೆಂದಿಲ್ಲ. ಮೂವತ್ತು ಓವರ್‌ಗಳ ಪಂದ್ಯ ಎಂದರೆ 180 ಎಸೆತ. ಮೊದಲ ನಾಲ್ವರು ನಿಂತುಬಿಟ್ಟರೆ ಏಳನೆಯವನು ದಿನವಿಡೀ ಪ್ಯಾಡ್ ಕಟ್ಟಿಕೊಂಡು ಕೂರಬೇಕು. ಬೌಲರ್‌ಗೆ ಆರು ಓವರ್ ಮಿತಿ ಎಂದಿಟ್ಟುಕೊಂಡರೆ ಐವರು ಬೌಲರ್‌ಗಳೇ ಸಾಕು. ಹೀಗೆ ಬ್ಯಾಟಿಂಗೂ ಇಲ್ಲದೆ ಬೌಲಿಂಗೂ ಇಲ್ಲದೆ ಫೈನ್ ಲೆಗ್‌ನಿಂದ ಫೈನ್ ಲೆಗ್‌ಗೆ ನಡೆದು ಮನೆಗೆ ಹೋದ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟಿದ್ದಾರೋ. ಪಂದ್ಯಪಟ್ಟಿಯಲ್ಲಿ ಅವರ ಹೆಸರಿರುತ್ತದೆ, ಅವರು ಆಡಿರುವುದಿಲ್ಲ.

ಹದಿಮೂರನೆಯ ವಯಸ್ಸಿನ ಈ ಸಣ್ಣ ಆಯ್ಕೆಗಳು ಅಲ್ಲಿಗೇ ನಿಲ್ಲುವುದಿಲ್ಲ. ಒಂದು ಋತುವಿನಲ್ಲಿ ಹದಿನೈದು ಇನಿಂಗ್ಸ್ ಸಿಕ್ಕಿದ ಹುಡುಗನಿಗೆ ಹದಿನೈದು ಪಾಠ ಸಿಕ್ಕಿತು; ನಾಲ್ಕು ಸಿಕ್ಕಿದವನಿಗೆ ನಾಲ್ಕು. ಮುಂದಿನ ಋತುವಿಗೆ ಮೊದಲನೆಯವನು ನಿಜವಾಗಿಯೂ ಸ್ವಲ್ಪ ಮೇಲಿರುತ್ತಾನೆ, ಆದ್ದರಿಂದ ಅವನಿಗೆ ಇನ್ನೂ ಹೆಚ್ಚು ಇನಿಂಗ್ಸ್. ಇದು ಚಕ್ರಬಡ್ಡಿ ಲೆಕ್ಕ. ಹದಿನೇಳಕ್ಕೆ ಬರುವಷ್ಟರಲ್ಲಿ ಇಬ್ಬರ ನಡುವೆ ಎದ್ದು ಕಾಣುವ ಅಂತರ ಬಿದ್ದಿರುತ್ತದೆ, ಅದನ್ನು ನಾವು "ಹುಟ್ಟು ಪ್ರತಿಭೆ" ಎಂದು ಕರೆಯುತ್ತೇವೆ. ಅಸಲಿಗೆ ಅದರ ಒಂದು ಪಾಲು ಹಿಂದೆಂದೋ ಮ್ಯಾಟ್ ಹಾಸಲು ಮುಂದೆ ಬಂದದ್ದರ ಫಲ. ಹುಡುಗನ ಸ್ವಭಾವ ಅವನ ಕವರ್ ಡ್ರೈವ್ ಆಗಿ ಮಾರ್ಪಡುವ ದಾರಿ ಇದೇ, ಬೇರೆ ಗುಟ್ಟಿಲ್ಲ.

ರಾಹುಲ್ ದ್ರಾವಿಡ್ ವಿಷಯದಲ್ಲಿ ಈ ದಾರಿ ದೊಡ್ಡ ಅಂಗಳದಲ್ಲೇ ಕಂಡಿತು. ಟೆಸ್ಟ್‌ನಲ್ಲಿ ಆಗಲೇ ದೊಡ್ಡ ಹೆಸರಾಗಿದ್ದರೂ ಏಕದಿನ ಪಂದ್ಯಗಳಲ್ಲಿ ಅವರ ರನ್ ಗತಿಯ ಬಗ್ಗೆ ಗೊಣಗಾಟವಿತ್ತು. ತಂಡಕ್ಕೆ ಹೆಚ್ಚುವರಿ ಬ್ಯಾಟ್ಸ್‌ಮನ್ ಬೇಕಾದಾಗ ಅವರು ಗ್ಲೌಸ್ ತೊಟ್ಟರು. 2003ರ ವಿಶ್ವಕಪ್‌ನಲ್ಲಿ ಭಾರತ ಫೈನಲ್‌ವರೆಗೆ ಹೋದದ್ದು ಅವರನ್ನು ಕೀಪರ್ ಆಗಿ ಇಟ್ಟುಕೊಂಡೇ. ಐವತ್ತು ಓವರ್ ಸ್ಟಂಪ್ ಹಿಂದೆ ಬಗ್ಗಿ ಎದ್ದು, ಮತ್ತೆ ಬ್ಯಾಟ್ ಹಿಡಿಯುವುದು ಎಂಥ ದಣಿವೆಂದು ಆಡಿದವರಿಗೆ ಗೊತ್ತು. ಒಲ್ಲೆ ಎನ್ನುವಷ್ಟು ದೊಡ್ಡ ಹೆಸರು ಅವರಿಗೆ ಆಗಲೇ ಇತ್ತು. ಹಲವು ವರ್ಷಗಳ ನಂತರ ಕರ್ನಾಟಕದವರೇ ಆದ, ಅದೇ ಹೆಸರಿನ ಇನ್ನೊಬ್ಬರು ಅದೇ ದಾರಿ ಹಿಡಿದರು. ಕೆ.ಎಲ್. ರಾಹುಲ್ 2020ರಿಂದ ಏಕದಿನ ಪಂದ್ಯಗಳಲ್ಲಿ ಗ್ಲೌಸ್ ತೊಟ್ಟು ಐದನೆಯ ಕ್ರಮಾಂಕಕ್ಕೆ ಇಳಿದರು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೆಯವರಾಗಿಯೂ ಆಡಿದರು.

ಈ ರಾಹುಲ್ ಅವರದ್ದೇ ಮತ್ತೊಂದು ಅಧ್ಯಾಯ ಇಲ್ಲಿ ಹೇಳಬೇಕು. 2019ರ ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಆಡಿದ ಮಾತುಗಳಿಗಾಗಿ ಅವರನ್ನೂ ಹಾರ್ದಿಕ್ ಪಾಂಡ್ಯರನ್ನೂ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿ ಅಮಾನತು ಮಾಡಲಾಯಿತು. ಅಮಾನತು ತೆರವಾದ ಮೇಲೆ ರಾಹುಲ್‌ರನ್ನು ಮನೆಯಲ್ಲಿ ಕೂರಿಸಲಿಲ್ಲ. ಇಂಗ್ಲೆಂಡ್ ಲಯನ್ಸ್ ವಿರುದ್ಧ ಭಾರತ ಎ ತಂಡದಲ್ಲಿ ಆಡಿಸಿದರು. ಆ ತಂಡದ ಕೋಚ್ ದ್ರಾವಿಡ್. ಆ ದಿನಗಳು ತಮಗೆ ನೆರವಾದವೆಂದು ರಾಹುಲ್ ನಂತರ ಹೇಳಿಕೊಂಡಿದ್ದಾರೆ. ಶಿಕ್ಷೆಯಾದ ಮೇಲೆ ಮತ್ತೆ ಆಡಲು ಒಂದು ಅಂಗಳ ಬೇಕು ಎಂಬುದನ್ನು ಈ ಪ್ರಕರಣದಿಂದ ನಮ್ಮ ಶಾಲಾ ಕೋಚ್‌ಗಳು ಕಲಿಯಬಹುದು. "ಇನ್ನು ಮೂರು ಪಂದ್ಯ ನಿನಗಿಲ್ಲ" ಎಂದು ಹೇಳುವುದು ಸುಲಭ. ನಾಲ್ಕನೆಯ ಪಂದ್ಯಕ್ಕೆ ಅವನನ್ನು ಯಾರು ತಯಾರು ಮಾಡುತ್ತಾರೆ?

ಪ್ರತಿಭೆ ಇದ್ದರೆ ಏನು ಮಾಡಿದರೂ ನಡೆಯುತ್ತದೆ ಎನ್ನುವವರಿಗೆ 2018ರ ಹತ್ತೊಂಬತ್ತರೊಳಗಿನವರ ವಿಶ್ವಕಪ್ ತಂಡವನ್ನು ತೋರಿಸಬಹುದು. ಗೆದ್ದ ಆ ತಂಡದ ನಾಯಕ ಪೃಥ್ವಿ ಶಾ, ಉಪನಾಯಕ ಶುಭಮನ್ ಗಿಲ್. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜ್‌ಕೋಟ್‌ನಲ್ಲಿ ಪೃಥ್ವಿ ಚೊಚ್ಚಲ ಟೆಸ್ಟ್‌ನಲ್ಲೇ 134 ಹೊಡೆದಾಗ ಇಬ್ಬರಲ್ಲಿ ಯಾರು ಮುಂದೆ ಹೋಗುತ್ತಾರೆಂದು ಕೇಳಿದ್ದರೆ ಹೆಚ್ಚಿನವರು ಅವರ ಹೆಸರನ್ನೇ ಹೇಳುತ್ತಿದ್ದರು. ಅವರ ಟೆಸ್ಟ್‌ಗಳ ಲೆಕ್ಕ ಐದಕ್ಕೆ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಮುಂಬೈ ರಣಜಿ ತಂಡ ಅವರನ್ನು ಕೈಬಿಟ್ಟಾಗ ಫಿಟ್‌ನೆಸ್ ಮತ್ತು ಶಿಸ್ತು ಕಾರಣವೆಂದು ವರದಿಯಾಯಿತು. ಮುಂದಿನ ತಿಂಗಳ ಐಪಿಎಲ್ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ತಪ್ಪು ನಿರ್ಧಾರಗಳನ್ನು ಮಾಡಿದೆ, ಆಟಕ್ಕೆ ಕೊಡಬೇಕಾದ ಸಮಯ ಕೊಡಲಿಲ್ಲ ಎಂದು 2025ರಲ್ಲಿ ಅವರೇ ಒಪ್ಪಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಗಿಲ್ ಭಾರತದ ಟೆಸ್ಟ್ ನಾಯಕರಾದರು. ಪೃಥ್ವಿಗೆ ಇನ್ನೂ ವಯಸ್ಸಿದೆ; ಅವರ ಮೇಲೆ ತೀರ್ಪು ಬರೆಯುವ ಆತುರ ನನಗಿಲ್ಲ.

ಇಷ್ಟು ಓದಿ "ಹಾಗಾದರೆ ಕೋಚ್ ಹೇಳಿದ್ದೇ ಸರಿ" ಎಂದು ತೀರ್ಮಾನಿಸುವವರು ಸ್ವಲ್ಪ ತಡೆಯಬೇಕು. ಈ ಮಾತಿನ ಇನ್ನೊಂದು ಮುಖ ನನಗೆ ಹೆಚ್ಚು ಚಿಂತೆಯ ವಿಷಯ.

1991-92ರಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋದ ಭಾರತ ತಂಡದಲ್ಲಿ ಕೋಲ್ಕತ್ತದ ಹತ್ತೊಂಬತ್ತರ ಹುಡುಗ ಸೌರವ್ ಗಂಗೂಲಿ ಇದ್ದರು. ಇಡೀ ಪ್ರವಾಸದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಏಕದಿನ ಪಂದ್ಯ, ಹೊಡೆದದ್ದು 3 ರನ್. ವಾಪಸ್ ಬರುವಷ್ಟರಲ್ಲಿ ಒಂದು ಸುದ್ದಿ ಅವರಿಗಿಂತ ಮುಂಚೆ ಊರು ತಲುಪಿತ್ತು: ಹನ್ನೆರಡನೇ ಆಟಗಾರನಾಗಿ ಪಾನೀಯ ಒಯ್ಯಲು ಆ ಸಿರಿವಂತರ ಮನೆಯ ಹುಡುಗ ಒಪ್ಪಲಿಲ್ಲವಂತೆ. ಹಾಗೆ ನಡೆದೇ ಇಲ್ಲ ಎಂದು ಗಂಗೂಲಿ ಹೇಳುತ್ತಲೇ ಬಂದಿದ್ದಾರೆ. ಆದರೂ ಮತ್ತೆ ಭಾರತಕ್ಕೆ ಆಡಲು ಅವರು ನಾಲ್ಕು ವರ್ಷ ಕಾಯಬೇಕಾಯಿತು. 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಚೊಚ್ಚಲ ಟೆಸ್ಟ್‌ನಲ್ಲೇ 131 ಬಾರಿಸಿದರು. ಅದೇ ಪಂದ್ಯ ದ್ರಾವಿಡ್ ಅವರಿಗೂ ಮೊದಲನೆಯದು. ಏಳನೆಯವರಾಗಿ ಬಂದು 95. ಆ ನಾಲ್ಕು ವರ್ಷಗಳಲ್ಲಿ ಆಟದ ಪಾಲೆಷ್ಟು, ಆ "ಅಂತೆ"ಯ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಗಾಳಿಮಾತಿಗೆ ಸಾಕ್ಷಿ ಕೇಳುವವರಿಲ್ಲ, ಮೇಲ್ಮನವಿಗೆ ಜಾಗವೂ ಇಲ್ಲ. ಗಂಗೂಲಿಯಂಥವರು ರಾಶಿ ರನ್ ಗಳಿಸಿ ಹೊರಬಂದರು. ಹದಿಮೂರರ ಹುಡುಗನ ಬೆನ್ನಿಗೆ ಇಂಥ ಹಣೆಪಟ್ಟಿ ಅಂಟಿದರೆ ಅವನು ರನ್ ಗಳಿಸುವುದಕ್ಕೂ ಮೈದಾನಕ್ಕಿಳಿಯಬೇಕಲ್ಲ?

ನಮ್ಮಲ್ಲಿ ಇದು ಇನ್ನೂ ತೊಡಕಿನದು, ಏಕೆಂದರೆ ಒಳ್ಳೆಯ ಸ್ವಭಾವವೆಂದರೆ ವಿಧೇಯತೆ ಎಂದು ನಾವು ತಿಳಿದುಬಿಟ್ಟಿದ್ದೇವೆ. ಬಂದೊಡನೆ ಕೋಚ್ ಕಾಲಿಗೆ ಬೀಳುವ, ಹೇಳಿದ್ದಕ್ಕೆಲ್ಲ "ಆಯ್ತು ಸಾರ್" ಎನ್ನುವ ಹುಡುಗ ಸಂಭಾವಿತ. "ಸಾರ್, ಈ ಪಿಚ್ಚಿಗೆ ಸ್ಪಿನ್ ಮೊದಲು ಹಾಕಿದರೆ ಒಳ್ಳೇದಲ್ವಾ?" ಎಂದು ಕೇಳಿದವನಿಗೆ ಆಟಿಟ್ಯೂಡ್ ಜಾಸ್ತಿ. ನನ್ನ ಮಟ್ಟಿಗೆ ಎರಡನೆಯವನೇ ಆಟವನ್ನು ಹೆಚ್ಚು ಪ್ರೀತಿಸುವವನು. ಕಾಲಿಗೆ ಬೀಳುವುದರಿಂದ ಓವರ್‌ಥ್ರೋ ತಪ್ಪುವುದಿಲ್ಲ. ಕೋಚ್‌ಗೆ ತೋರುವ ಗೌರವ ಒಂದು, ತಂಡಕ್ಕಾಗಿ ಮಾಡುವ ಕೆಲಸ ಇನ್ನೊಂದು; ಮೊದಲನೆಯದನ್ನು ಅಳೆದು ಎರಡನೆಯದಕ್ಕೆ ಅಂಕ ಕೊಡುವ ಕೋಚ್‌ಗಳು ಬೇಕಾದಷ್ಟಿದ್ದಾರೆ. ದುಡ್ಡಿನ ಮಾತಂತೂ ಎತ್ತದಿರುವುದೇ ವಾಸಿ. ತಂಡಕ್ಕೆ ಹೊಸ ಕಿಟ್ ಕೊಡಿಸಿದ ಅಪ್ಪನ ಮಗನ ಸ್ವಭಾವದಲ್ಲಿ ದೋಷ ಕಂಡ ಕೋಚ್ ಅಪರೂಪ.

ವಯಸ್ಸಿನ ವಿಷಯವೂ ಇದೆ. ನಮ್ಮ ಕಿರಿಯರ ಕ್ರಿಕೆಟ್‌ನಲ್ಲಿ ವಯೋಮಿತಿಯ ಗೆರೆ ಸೆಪ್ಟೆಂಬರ್ 1. ಅಂದರೆ ಸೆಪ್ಟೆಂಬರ್‌ನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು, ನಡುವೆ ಹನ್ನೊಂದು ತಿಂಗಳು. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಒಬ್ಬನ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಗೆರೆಯ ಈಚೆ ಹುಟ್ಟಿದ ಮಕ್ಕಳೇ ತಂಡಗಳಿಗೆ ಹೆಚ್ಚು ಆಯ್ಕೆಯಾಗುತ್ತಾರೆಂದು ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಗುರುತಿಸಿದ್ದರು. ನಂತರ ಬೇರೆ ಆಟಗಳಲ್ಲೂ ಅದು ಕಂಡಿತು. ಎತ್ತರವಾಗಿ ಬೆಳೆದ ಹುಡುಗ ಮೈದಾನದಲ್ಲಿ ಗಟ್ಟಿಯಾಗಿ ಕೂಗುತ್ತಾನೆ, ಅದು ಆತ್ಮವಿಶ್ವಾಸ ಎನ್ನಿಸಿಕೊಳ್ಳುತ್ತದೆ. ಕುಳ್ಳ ಹುಡುಗ ಬೌಂಡರಿ ಹತ್ತಿರ ಸುಮ್ಮನೆ ನಿಂತಿರುತ್ತಾನೆ, ಅವನಿಗೆ ಆಟದ ಮೇಲೆ ಮನಸ್ಸಿಲ್ಲ ಎನ್ನಿಸಿಕೊಳ್ಳುತ್ತಾನೆ. ಹುಟ್ಟಿದ ತಿಂಗಳು ಹೀಗೆ ಸ್ವಭಾವದ ಖಾತೆಗೆ ಜಮೆಯಾಗುತ್ತದೆ.

ಇನ್ನು ಒಳ್ಳೆಯ ನಡವಳಿಕೆ ಇದ್ದರೆ ಅವಕಾಶ ಬಂದೇ ಬರುತ್ತದೆ ಎಂಬ ಸಮಾಧಾನದ ಮಾತು. ಕರುಣ್ ನಾಯರ್ ಹೆಸರು ಹೇಳಿದರೆ ಸಾಕು, ಅದು ಉಳಿಯುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ವೀರೇಂದ್ರ ಸೆಹ್ವಾಗ್ ಬಿಟ್ಟರೆ ಟೆಸ್ಟ್‌ನಲ್ಲಿ ಮುನ್ನೂರು ದಾಟಿದ ಭಾರತೀಯ ಅವರೊಬ್ಬರೇ. ಅದರ ಮುಂದಿನ ಟೆಸ್ಟ್‌ನಲ್ಲೇ ಅವರಿಗೆ ಜಾಗವಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ್ದರು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಮೊದಲಿಂದ ತಂಡದ ಜೊತೆಗಿದ್ದವರು ಕರುಣ್. ಓವಲ್‌ನಲ್ಲಿ ಆಡಿದವರು ಕೊನೆಯ ಎರಡು ಟೆಸ್ಟ್‌ಗಳಿಗೆಂದು ಬಂದು ಸೇರಿದ ಹನುಮ ವಿಹಾರಿ. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಅವಕಾಶ ಕೊಡೆಂದು ಅವರು ಟ್ವಿಟರ್‌ನಲ್ಲಿ ಬೇಡಿದ್ದು ಯಾವ ಆಯ್ಕೆಗಾರನನ್ನೂ ಅಲ್ಲ, ಕ್ರಿಕೆಟ್ಟನ್ನೇ. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ ಸೇರಿ 779 ರನ್, ರಣಜಿ ಫೈನಲ್‌ನಲ್ಲಿ ಶತಕ, ವಿದರ್ಭಕ್ಕೆ ಕಪ್. 2025ರಲ್ಲಿ ಎಂಟು ವರ್ಷಗಳ ನಂತರ ಮತ್ತೆ ಟೆಸ್ಟ್. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿ 205 ರನ್ ಗಳಿಸಿದ ಮೇಲೆ ಮತ್ತೆ ಹೊರಗೆ. ಇಲ್ಲಿ ಸ್ವಭಾವದಲ್ಲಿ ಹುಳುಕು ಹುಡುಕಲು ಯಾರಿಂದಲೂ ಆಗದು. ಒಂದೇ ಜಾಗಕ್ಕೆ ಹಲವರು ಇದ್ದಾಗ ಒಳ್ಳೆಯವರೂ ಹೊರಗುಳಿಯುತ್ತಾರೆ. ಅಂಥವನಿಗೆ ಇನ್ನಷ್ಟು ಒಳ್ಳೆಯವನಾಗು ಎಂದು ಉಪದೇಶಿಸುವುದು ಕ್ರೌರ್ಯ.

ಹೊರಗುಳಿದವರ ಕೈಯಲ್ಲಿರುವುದು ತಯಾರಿ ಮಾತ್ರ. ಬ್ರಾಡ್ಮನ್ ಕೂಡ 1928-29ರಲ್ಲಿ ಮೊದಲ ಟೆಸ್ಟ್‌ನಲ್ಲಿ 18 ಮತ್ತು 1 ಹೊಡೆದು ಎರಡನೆಯದಕ್ಕೆ ಹನ್ನೆರಡನೆಯವರಾಗಿದ್ದರು. ಮೂರನೆಯದರಲ್ಲಿ ಮರಳಿ 79 ಮತ್ತು 112. 2025ರ ಮಹಿಳಾ ವಿಶ್ವಕಪ್‌ನ ತಂಡದಲ್ಲಾಗಲಿ ಮೀಸಲು ಪಟ್ಟಿಯಲ್ಲಾಗಲಿ ಶಫಾಲಿ ವರ್ಮಾ ಹೆಸರಿರಲಿಲ್ಲ. ಪ್ರತೀಕಾ ರಾವಲ್ ಗಾಯಗೊಂಡಾಗ ಕರೆ ಬಂತು. ನವೆಂಬರ್ 2ರ ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠೆ ಪ್ರಶಸ್ತಿ. ಕರೆ ಬರುವ ಮುಂಚಿನ ದಿನಗಳಲ್ಲಿ ಅವರು ದೇಶೀಯ ಪಂದ್ಯಗಳನ್ನು ಆಡುತ್ತಿದ್ದರು, ಅಷ್ಟೇ.

ಹಾಗಾದರೆ ಕೋಚ್ ನಡವಳಿಕೆಯನ್ನು ನೋಡಲೇಬಾರದೇ? ನೋಡಬೇಕು. ಆದರೆ ನೋಡಿದ್ದನ್ನು ಹೆಸರಿಟ್ಟು ಹೇಳಬೇಕು. "ಆಟಿಟ್ಯೂಡ್ ಸರಿಯಿಲ್ಲ" ಎಂಬ ಮಾತಿನಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. "ನಿನ್ನ ಬ್ಯಾಟಿಂಗ್ ಆದ ಮೇಲೆ ಮೂರು ಸಲ ನೆಟ್ಸ್ ಬಿಟ್ಟು ಹೋದೆ" ಎಂದರೆ ನಾಳೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಅಪ್ಪ ಅಮ್ಮಂದಿರು ಕೋಚ್ ಬಳಿ "ಯಾಕೆ ಹಾಕಿಲ್ಲ" ಎಂದು ಕೇಳುವ ಬದಲು "ಏನು ಮಾಡಿದರೆ ಹಾಕ್ತೀರಿ" ಎಂದು ಕೇಳಿ ನೋಡಲಿ. ಉತ್ತರ ಒಂದು ಕೆಲಸದ ರೂಪದಲ್ಲಿ ಬಂದರೆ ಕೋಚ್ ನಿಜ ಹೇಳುತ್ತಿದ್ದಾರೆ, ಮತ್ತೆ ಅದೇ ಆಟಿಟ್ಯೂಡ್ ಎಂಬ ಮಂತ್ರ ಬಂದರೆ ಬೇರೆ ಮೈದಾನ ಹುಡುಕಿಕೊಳ್ಳುವುದು ಮೇಲು. ಈ ಪ್ರಶ್ನೆಯನ್ನು ಹುಡುಗನೇ ಕೇಳಿದರೆ ಇನ್ನೂ ಒಳ್ಳೆಯದು. ಬೇಲಿಯಾಚೆಯಿಂದ ಅಪ್ಪ ಕೂಗಿ ಹೇಳುವ ಸಲಹೆಗಳಿಂದ ಮಗನ ಆಟದ ಸಮಯ ಹೆಚ್ಚಾದ ಉದಾಹರಣೆ ನಾನು ಕಂಡಿಲ್ಲ.

ದ್ರಾವಿಡ್ ಹತ್ತೊಂಬತ್ತರೊಳಗಿನವರಿಗೂ ಎ ತಂಡಕ್ಕೂ ಕೋಚ್ ಆಗಿದ್ದಾಗ ಮಾಡಿದ ಕೆಲಸ ಇಲ್ಲಿ ನೆನೆಯಬೇಕಾದ್ದು. ತನ್ನ ಜೊತೆ ಎ ತಂಡದ ಪ್ರವಾಸಕ್ಕೆ ಬಂದ ಯಾರೂ ಒಂದು ಪಂದ್ಯವನ್ನೂ ಆಡದೆ ವಾಪಸ್ ಹೋಗುವುದಿಲ್ಲ ಎಂದು ಅವರು ಹುಡುಗರಿಗೆ ಮೊದಲೇ ಹೇಳಿಬಿಡುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಪ್ರವಾಸ ಹೋಗಿ ಆಡದೆ ಬಂದ ಸಂಕಟ ಅವರಿಗೇ ಗೊತ್ತಿತ್ತು. ಒಬ್ಬ ಹುಡುಗ ಒಂದೇ ಹತ್ತೊಂಬತ್ತರೊಳಗಿನವರ ವಿಶ್ವಕಪ್ ಆಡಬೇಕು, ಮುಂದಿನದು ಇನ್ನೊಬ್ಬನಿಗೆ ಎಂಬ ನೀತಿ ಬಂದದ್ದೂ ಅವರ ಕಾಲದಲ್ಲೇ. ಇದರಿಂದ ತಂಡ ಸೋಲಲಿಲ್ಲ. 2018ರಲ್ಲಿ ವಿಶ್ವಕಪ್ಪನ್ನೇ ಗೆದ್ದಿತು. ಭಾರತ ಎ ಮಟ್ಟದಲ್ಲೇ ಎಲ್ಲರನ್ನೂ ಆಡಿಸಲು ಸಾಧ್ಯವಾದರೆ ಆರನೇ ತರಗತಿಯ ಮಕ್ಕಳ ಪಂದ್ಯದಲ್ಲಿ ಏಕೆ ಆಗದು?

ದಾರಿಗಳು ಬೇಕಾದಷ್ಟಿವೆ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿಗೆ ಜೋಡಿ ಕ್ರಿಕೆಟ್ ಆಡಿಸುತ್ತಾರೆ. ಪ್ರತಿ ಜೋಡಿಗೂ ಇಷ್ಟು ಓವರ್ ಎಂದು ನಿಗದಿ. ಔಟಾದರೆ ತಂಡದ ರನ್ ಕಡಿತವಾಗುತ್ತದೆಯೇ ಹೊರತು ಮಗು ಹೊರಗೆ ಹೋಗುವುದಿಲ್ಲ. ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡದ ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಆಟ ಕೊಡಲೇಬೇಕೆಂದು ನಿಯಮವೇ ಇದೆ. ನಮ್ಮ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿಯನ್ನು ನೋಡಿ: ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ, ಪೈಪೋಟಿಗೇನೂ ಕೊರತೆಯಿಲ್ಲ.

ಶಾಲಾ ಟೂರ್ನಿಗಳನ್ನು ನಡೆಸುವವರಲ್ಲಿ ಆದ್ದರಿಂದ ಒಂದು ಕೋರಿಕೆ. ಹದಿನಾಲ್ಕರೊಳಗಿನವರ ಲೀಗ್ ಹಂತದಲ್ಲಾದರೂ, ನೋಂದಾಯಿಸಿದ ಪ್ರತಿ ಹುಡುಗ, ಪ್ರತಿ ಹುಡುಗಿ ಕನಿಷ್ಠ ಎರಡು ಪಂದ್ಯ ಆಡಿರಬೇಕು, ಆ ಪಂದ್ಯಗಳಲ್ಲಿ ಬ್ಯಾಟನ್ನೋ ಚೆಂಡನ್ನೋ ಹಿಡಿದಿರಬೇಕು ಎಂಬ ಒಂದು ಸಾಲನ್ನು ನಿಮ್ಮ ನಿಯಮಾವಳಿಗೆ ಸೇರಿಸಿ. ಸೆಮಿಫೈನಲ್ ಬಂದ ಮೇಲೆ ಕೋಚ್‌ಗಳು ತಮಗಿಷ್ಟವಾದ ಹನ್ನೊಂದು ಮಂದಿಯನ್ನು ಆಡಿಸಿಕೊಳ್ಳಲಿ.